ನೀಲಪ್ಪ ಕತ್ತರಿಸಿದ ಹಗ್ಗ

ನವಿಲುತೀರ್ಥದ ಅಣೆಕಟ್ಟಿನ ಪಕ್ಕದಲ್ಲಿ ಗೋಡೆ ಎಬ್ಬಿಸಿದಂತೆ ನಿಂತ ಕಲ್ಲುಗುಡ್ಡವನ್ನು ನಮ್ಮ ಕಡೆಯವರು ಹತ್ತುವ ವಸ್ತು ಎಂದು ಯಾವತ್ತೂ ತಿಳಿದವರಲ್ಲ. ಆಡು ಕಾಯುವವರಿಗೆ ಅದು ಮಧ್ಯಾಹ್ನದ ನೆರಳು, ಉಳಿದವರಿಗೆ ಬಸ್ಸಿನ ಕಿಟಕಿಯಲ್ಲಿ ಬಂದು ಹೋಗುವ ಒಂದು ದಿಬ್ಬ. ತೊಂಬತ್ತರ ದಶಕದ ನಡುವೆ ಧಾರವಾಡದ ಕಾಲೇಜು ಹುಡುಗರು ಬಣ್ಣಬಣ್ಣದ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದು ಅದನ್ನು ಹತ್ತತೊಡಗಿದಾಗ ಜನ ಕೇಳಿದ್ದು ಒಂದೇ ಮಾತು: "ಮ್ಯಾಲ ಏನ ಕಳಕೊಂಡಾರಂತ?"

ಆ ಮಾತು ಕೇಳದೆ ಅವರ ಬೆನ್ನು ಹತ್ತಿದವನು ನೀಲಪ್ಪ ಒಬ್ಬನೇ. ಆಗಲೇ ಮದುವೆಯಾಗಿ ಸಂಸಾರದ ನೊಗಕ್ಕೆ ಕೊರಳು ಕೊಟ್ಟವನು. ಹೊಳೆದಂಡೆಯ ಹೊಲ ಹಿಂದೆಯೇ ಅಣೆಕಟ್ಟಿನ ನೀರಿಗೆ ಹೋಗಿತ್ತು. ಉಳಿದ ಎರೆಹೊಲದಲ್ಲಿ ಜೋಳ ಬೆಳೆದುಕೊಂಡು, ಕಬ್ಬು ಕಟಾವಿನ ಕಾಲಕ್ಕೆ ಎಂ.ಕೆ. ಹುಬ್ಬಳ್ಳಿ ಕಡೆ ಗ್ಯಾಂಗಿನ ಸಂಗಡ ಹೋಗಿ, ಹೇಗೋ ದಿನ ನೂಕುತ್ತಿದ್ದ. ಮೊದಲು ಹುಡುಗರಿಗೆ ದಾರಿ ತೋರಿಸಲು ಹೋದ, ಆಮೇಲೆ ಹಗ್ಗ ಹೊರಲು ಹೋದ, ಕೊನೆಗೆ ಅವರೇ ಅವನ ಸೊಂಟಕ್ಕೆ ಪಟ್ಟಿ ಕಟ್ಟಿ ಹತ್ತು ಎಂದರು. ಹತ್ತಿದ. ಮೇಲೆ ನಿಂತು ಕೆಳಗೆ ನೋಡಿದಾಗ, ತಮ್ಮ ಹೊಲವನ್ನು ನುಂಗಿದ ಮಲಪ್ರಭೆಯ ನೀರು ಕಣ್ಣು ಹಾಯುವಷ್ಟು ದೂರ ಹರಡಿ ಬಿದ್ದಿತ್ತು. ಅದನ್ನು ನೋಡಿ ಮೊದಲ ಸಲ ಅವನಿಗೆ ಸಿಟ್ಟು ಬರಲಿಲ್ಲ. ಯಾಕೆ ಎಂದು ಕೇಳಿದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

ಹತ್ತು ವರ್ಷದಲ್ಲಿ ಅವನು ಬೇರೆಯೇ ಮನುಷ್ಯನಾದ. ತರಬೇತಿ ಶಿಬಿರಗಳಿಗೆ ಹೋಗಿ ಗಂಟು ಹಾಕುವುದು, ಹತ್ತುವವನು ಜಾರಿದರೆ ಕೆಳಗಿನಿಂದ ಹಗ್ಗ ಹಿಡಿದು ನಿಲ್ಲಿಸುವುದು, ಮುರಿದ ಕೈಗೆ ಪಟ್ಟಿ ಕಟ್ಟುವುದು ಎಲ್ಲವನ್ನೂ ಕಲಿತು ಬಂದ. ಹೆಂಡತಿಯ ತಮ್ಮ ವಿರೂಪಾಕ್ಷನಿಗೆ ಸವದತ್ತಿಯಲ್ಲಿ ವಿದ್ಯುತ್ ಸಾಮಾನಿನ ಅಂಗಡಿ ಇತ್ತು. ಮಾತಿನ ಮಲ್ಲ, ಮೋಟಾರ್ ಸೈಕಲ್ ಬೇರೆ ಇತ್ತು. ಇಬ್ಬರೂ ಕೂಡಿ 'ನವಿಲುಗುಡ್ಡ ಸಾಹಸ ಬಳಗ' ಎಂದು ತಗಡಿನ ಬೋರ್ಡು ಬರೆಸಿದರು. ಬೈಲಹೊಂಗಲ, ರಾಮದುರ್ಗ, ಕಿತ್ತೂರಿನ ಸಾಲೆಗಳಿಂದ ಮಕ್ಕಳು ಬರತೊಡಗಿದರು. ಕಬ್ಬಿನ ಗ್ಯಾಂಗಿನಲ್ಲಿ "ಏ ನೀಲ್ಯಾ" ಎನಿಸಿಕೊಂಡವನನ್ನು ಆ ಮಕ್ಕಳು "ಸರ್" ಎಂದು ಕರೆಯುತ್ತಿದ್ದರು. ಮೊದಮೊದಲು ಯಾರೋ ಮಾಸ್ತರರು ಬಂದರೇನೋ ಎಂದು ಅವನು ಹಿಂತಿರುಗಿ ನೋಡುತ್ತಿದ್ದ. ಆಮೇಲೆ ರೂಢಿಯಾಯಿತು. ರೂಢಿಯಾದ ಮೇಲೆ ಆ ಕರೆ ಇಲ್ಲದೆ ಬದುಕುವುದು ಕಷ್ಟವೆನಿಸಿತು, ಇದನ್ನು ಮುಚ್ಚಿಡುವುದೇಕೆ?

ಅಷ್ಟರಲ್ಲಿ ದೂರದ ಯಾವುದೋ ಗುಡ್ಡದಲ್ಲಿ, ಏನೂ ಕಲಿಯದ ಯಾರೋ ಪ್ರವಾಸಿಗರನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಅನಾಹುತ ಮಾಡಿಕೊಂಡರು. ಅದರ ಬೆನ್ನಿಗೇ ಆದೇಶ ಬಂತು. ಇನ್ನು ಪರವಾನಗಿ ಇಲ್ಲದೆ ಯಾರೂ ಯಾರನ್ನೂ ಗುಡ್ಡ ಹತ್ತಿಸುವಂತಿಲ್ಲ. ಕಲಿತವರು ಇರಬೇಕು, ತಲೆಗೆ ಗಟ್ಟಿ ಟೊಪ್ಪಿಗೆ ಇರಬೇಕು, ಔಷಧದ ಪೆಟ್ಟಿಗೆ ಇರಬೇಕು, ಹಗ್ಗಗಳು ಪರೀಕ್ಷೆಯಲ್ಲಿ ಪಾಸಾಗಬೇಕು. ತನಿಖೆಯವರು ಬಂದು ನೋಡಿ ಒಪ್ಪಿದರೆ ಸರಿ, ಇಲ್ಲದಿದ್ದರೆ ಬೋರ್ಡು ಕೆಳಗಿಳಿಯುತ್ತದೆ. ಬೋರ್ಡು ಇಳಿದರೆ ವಿರೂಪಾಕ್ಷನಿಗೆ ಅಂಗಡಿ ಇತ್ತು. ನೀಲಪ್ಪನಿಗೆ ಇದ್ದದ್ದು ಮತ್ತೆ ಕಬ್ಬಿನ ಗ್ಯಾಂಗು.

ಹೀಗಾಗಿ ತನಿಖೆ ಎಂದರೆ ಅವನಿಗೆ ಮನೆಗೆ ಕನ್ಯೆ ನೋಡಲು ಬೀಗರು ಬಂದ ಹಾಗೆ. ಸುಣ್ಣ ಬಳಿಸಿದ, ಟೊಪ್ಪಿಗೆ ತೊಳೆದ, ಔಷಧದ ಪೆಟ್ಟಿಗೆಗೆ ಹೊಸ ಬೀಗ ತಂದ. ಇಷ್ಟಾದ ಮೇಲೂ ಸಮಾಧಾನವಿಲ್ಲ. ಹಗ್ಗಗಳ ಕಡೆ ನೋಡಿದ. ಧೂಳು ಕುಡಿದು, ಬಣ್ಣ ಮಾಸಿ, ಒಣಗಿದಂತೆ ಕಂಡವು. ಅವನ ಅಪ್ಪ ಹೊಳೆದಂಡೆಯ ಬಾವಿಯಲ್ಲಿ ಕಪಿಲೆ ಹೊಡೆಯುತ್ತಿದ್ದವನು. ಎತ್ತುಗಳು ನೀರಿನ ಚೀಲ ಎಳೆಯುವ ಚರ್ಮದ ಹಗ್ಗಕ್ಕೆ, ಅಂದರೆ ಮಿಣಿಗೆ, ವರ್ಷಕ್ಕೊಮ್ಮೆ ಔಡಲೆಣ್ಣೆ ಉಣಿಸಿ ಬಿಸಿಲಿಗೆ ಹಾಕುತ್ತಿದ್ದ. ಎಣ್ಣೆ ಉಂಡ ಮಿಣಿ ಹರಿಯುವುದಿಲ್ಲ ಎಂಬುದು ನಮ್ಮ ಒಕ್ಕಲುತನದಲ್ಲಿ ಕೂಸುಗಳಿಗೂ ಗೊತ್ತಿರುವ ಮಾತು. ಶಿಬಿರದಲ್ಲಿ ಏನೇನೋ ಕಲಿಸಿದ್ದರು, ಹಗ್ಗವನ್ನು ಹೇಗೆ ಇಡಬೇಕೆಂದೂ ಹೇಳಿದ್ದರು. ಆದರೆ ಆ ಪಾಠದ ಹೊತ್ತಿಗೆ ನೀಲಪ್ಪ, ಹಗ್ಗದ ವಿಷಯ ನನಗೇನು ಹೇಳುತ್ತಾರೆ ಎಂದುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತಿದ್ದನಂತೆ. ಹುಟ್ಟುಗುಣ ಸುಟ್ಟರೂ ಹೋಗದು.

ಅವನ ಹೆಂಡತಿ ಸತ್ಯವ್ವ ಔಡಲೆಣ್ಣೆಯ ಡಬ್ಬಿ ಕೊಡುವಾಗಲೇ ಕೇಳಿದಳು. "ಇವು ಪ್ಯಾಟಿ ಹಗ್ಗ. ಇವಕ್ಕ ಎಣ್ಣಿ ನಡೀತೈತೇನ್ರಿ?"

"ಹಗ್ಗ ಅಂದ್ರ ಹಗ್ಗ," ಎಂದ ನೀಲಪ್ಪ. "ಹಸಿವು ಎಲ್ಲಾಕೂ ಒಂದ."

ಎಣ್ಣೆ ಕಾಯಿಸಿ, ಅರಿವೆಯಲ್ಲಿ ಅದ್ದಿ, ಕೂಸಿಗೆ ಉಜ್ಜಿದ ಹಾಗೆ ಪ್ರತಿ ಹಗ್ಗಕ್ಕೂ ತಿಕ್ಕಿ ತಿಕ್ಕಿ ಉಣಿಸಿದ. ಆಮೇಲೆ ಮಾಳಿಗೆಯ ಮೇಲೆ ವೈಶಾಖದ ಬಿಸಿಲಿಗೆ ಹರವಿದ. ಹಗ್ಗಗಳು ಮಿರಿಮಿರಿ ಮಿಂಚಿದವು. ಆ ದಿನ ಅವನಷ್ಟು ನೆಮ್ಮದಿಯಿಂದ ಊಟ ಮಾಡಿದವರು ಊರಲ್ಲಿ ಯಾರೂ ಇರಲಿಲ್ಲ.

ತನಿಖೆಗೆ ಬಂದವಳು ರಾಜೇಶ್ವರಿ ಎಂಬ ಧಾರವಾಡದ ಹೆಣ್ಣುಮಗಳು. ಗಿಡ್ಡ ಆಳು, ಮೆಲುದನಿ. ಹಿಮಾಲಯ ಹತ್ತಿ ಬಂದವಳಂತೆ. ಟೊಪ್ಪಿಗೆ ನೋಡಿದಳು, ಪೆಟ್ಟಿಗೆ ತೆಗೆಸಿದಳು, ನೀಲಪ್ಪನ ಕೈಯಲ್ಲಿ ಒಂದೊಂದೇ ಗಂಟು ಹಾಕಿಸಿದಳು. ಎಲ್ಲಕ್ಕೂ ತಲೆದೂಗಿದಳು. ವಿರೂಪಾಕ್ಷ ಆಗಲೇ ಚಹಾಕ್ಕೆ ಹೇಳಿ ಕಳಿಸಿದ್ದ. ಆಮೇಲೆ ಅವಳು ಹಗ್ಗದ ಸುತ್ತೊಂದನ್ನು ಎತ್ತಿಕೊಂಡಳು, ಮೂಗಿನ ಹತ್ತಿರ ಒಯ್ದಳು.

"ಇದೇನ್ರಿ, ಬಾಣಂತಿ ಖೋಲಿ ವಾಸನಿ ಬರಾಕತ್ತೈತಿ?"

"ಔಡಲೆಣ್ಣಿರಿ," ಎಂದ ನೀಲಪ್ಪ, ಎದೆ ಉಬ್ಬಿಸಿ. "ನಾನ ಉಣಿಸೇನ್ರಿ. ಎಲ್ಲಾ ಹಗ್ಗಕ್ಕೂ."

ಅವಳು ನಗಲಿಲ್ಲ. ಹಗ್ಗವನ್ನು, ಬೀಳುವವನನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಬಿಲ್ಲೆಯೊಳಗೆ ಪೋಣಿಸಿ, ಒಂದು ತುದಿ ಅವನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾನು ಜಗ್ಗಿದಳು. ಹಿಡಿಯಬೇಕಾದ ಹಗ್ಗ ಬೆಣ್ಣೆಯಂತೆ ಜಾರಿತು. ನೀಲಪ್ಪ ಮತ್ತೆ ಬಿಗಿಹಿಡಿದ. ಮತ್ತೆ ಜಾರಿತು. ಅವನ ಮುಖದ ಕಳೆಯೂ ಅದರೊಂದಿಗೇ ಇಳಿಯಿತು.

"ಚರ್ಮಕ್ಕ ಎಣ್ಣಿ ಬೇಕರಿ, ಖರೆ," ಎಂದಳು ರಾಜೇಶ್ವರಿ. "ಇದು ನೈಲಾನ. ಎಣ್ಣಿ ಹಚ್ಚಿದ್ರ ಜಾರತೈತಿ. ಅಂಟಿಗೆ ಉಸುಕು ಹಿಡೀತೈತಿ, ಉಸುಕು ಒಳಗಿನ ಎಳಿ ಕೊಯ್ಯತೈತಿ, ಹೊರಗ ಕಾಣೂದಿಲ್ಲ. ಮ್ಯಾಲ ಇಂಥಾ ಬಿಸಲಾಗ ಬ್ಯಾರೆ ಒಣಗಿಸೀರಿ. ಬಿಸಲು ಇದರ ವೈರಿ. ಇನ್ನ ಇವ್ಯಾವೂ ನಡೆಯೂದಿಲ್ಲ."

"ತೊಳದ್ರ?" ಎಂದ ವಿರೂಪಾಕ್ಷ.

"ತೊಳದ್ರ ವಾಸನಿ ಹೋಗತೈತಿ, ಸಂಶಯ ಹೋಗೂದಿಲ್ಲ. ತುಂಡು ಮಾಡ್ರಿ, ಒಂದೊಂದು ಮಾರಿನಷ್ಟು. ಮುಂದ ಯಾರೂ ಇದರ ಮ್ಯಾಲ ಜೀವಾ ಇಡಬಾರದು. ಮಳಿಗಾಲ ಮುಗದಮ್ಯಾಲ ಮತ್ತ ಬರತೇನಿ. ಹೊಸಾ ಹಗ್ಗ ನೋಡತೇನಿ, ಹಳೇವು ತುಂಡಾದದ್ದನ್ನೂ ನೋಡತೇನಿ."

ಅವಳು ಹೋದ ಮೇಲೆ ವಿರೂಪಾಕ್ಷ ಸುತ್ತಲೂ ನೋಡಿ ದನಿ ಇಳಿಸಿದ. "ಮಾಮಾ, ಬರೂ ಐತವಾರ ಬೈಲಹೊಂಗಲ ಸಾಲಿ ಹುಡುಗ್ರು ಬರಾವ್ರು. ಸೋಡಾ ಹಾಕಿ ತೊಳಿಯೂಣು. ಇದೊಂದ ಸಲ ನಡಸೂಣು. ನೋಡಾವ್ರ್ಯಾರು?"

"ಕೈಯಾಗ ಜಾರಿದ್ದು ನೀನೂ ನೋಡಿಯಲ್ಲ," ಎಂದ ನೀಲಪ್ಪ. ಅಷ್ಟೇ. ವಿರೂಪಾಕ್ಷ ಗಾಡಿಗೆ ಒದ್ದು ಸವದತ್ತಿಯ ದಾರಿ ಹಿಡಿದ.

ಹಗ್ಗ ಕತ್ತರಿಸುವುದು ಹೇಳಿದಷ್ಟು ಸುಲಭವಲ್ಲ. ಒಕ್ಕಲಿಗನ ಮನೆಯಲ್ಲಿ ಹಗ್ಗವನ್ನು ಬಿಚ್ಚುತ್ತಾರೆ, ಕಡಿಯುವುದಿಲ್ಲ. ಕಡಿದರೆ ದನಗಳಿಗೆ ಕೇಡು ಎನ್ನುತ್ತಾರೆ. ನೀಲಪ್ಪ ಅಂಗಳದಲ್ಲಿ ಕುಳಿತು ಮೊದಲ ಹಗ್ಗಕ್ಕೆ ಕತ್ತಿ ಇಟ್ಟಾಗ ಸತ್ಯವ್ವ ಒಳಗೆ ಹೋದಳು, ನೋಡಲಾಗದೆ. ಅವನ ಕಣ್ಣಲ್ಲಿ ನೀರಿತ್ತು. ಹಗ್ಗ ಹೋದದ್ದಕ್ಕಲ್ಲ, ಅಪ್ಪ ಕಲಿಸಿದ್ದು ಸುಳ್ಳಾಯಿತಲ್ಲ ಎಂದು.

ಸುದ್ದಿ ಊರೆಲ್ಲ ಹಬ್ಬಿತು. ನೀಲಪ್ಪ ಒಳ್ಳೊಳ್ಳೆ ಹಗ್ಗ ತುಂಡು ಮಾಡುತ್ತಿದ್ದಾನೆ, ತಲೆ ಕೆಟ್ಟಿದೆ! ಜನ ಬಂದರು, ಕರುವಿಗೆ ಕಟ್ಟಲು ತುಂಡು ಕೊಡು ಎಂದರು. ತನಿಖೆಗೆ ಬಂದಿದ್ದ ಹೆಣ್ಣುಮಗಳು ಇವನ್ನು ನೋಡಬೇಕು, ಆಮೇಲೆ ಬರ್ರಿ ಎಂದು ಎಲ್ಲರನ್ನೂ ಕಳಿಸಿದ. ಕೊನೆಯ ಹಗ್ಗ ಉಳಿದಾಗ ಬಂದವನು ಮಾತ್ರ ಹಾಗೆ ಕಳಿಸುವ ಆಳಲ್ಲ. ಅವನ ಕಾಕಾ, ಅಂದರೆ ಅಪ್ಪನ ತಮ್ಮ, ರಾಮಲಿಂಗಪ್ಪ.

ಅಪ್ಪ ತೀರಿಕೊಂಡಾಗ ನೀಲಪ್ಪನಿಗೆ ಮೀಸೆ ಕೂಡ ಮೂಡಿರಲಿಲ್ಲ. ಕೈಹಿಡಿದು ಬೆಳೆಸಿದವನು, ಮದುವೆ ಮಾಡಿದವನು ಈ ಕಾಕಾ. ಮಾತು ಒರಟು, ನಡೆ ನೇರ.

"ಅದನ್ನ ಕಡೀಬ್ಯಾಡ," ಎಂದ ರಾಮಲಿಂಗಪ್ಪ. "ಬಾವಿ ಹೂಳು ತಗಸೂದೈತಿ. ಪರಸ್ಯಾನ್ನ ಇಳಸಾಕ ಬೇಕು. ನನ್ನ ಹಗ್ಗ ಹಳೇದಾಗೇತಿ."

ಹಿರಿಯರು ಚಾಚಿದ ಕೈಗೆ ಇಲ್ಲ ಎನ್ನುವುದನ್ನು ನಮ್ಮಲ್ಲಿ ಯಾವ ಶಿಬಿರದಲ್ಲೂ ಕಲಿಸುವುದಿಲ್ಲ. ಮೇಲಾಗಿ, ಬಾವಿ ಎಂದರೆ ಗುಡ್ಡವೇನು? ಇದಕ್ಕಿಂತ ಕೆಟ್ಟ ಹಗ್ಗದಲ್ಲಿ ಊರ ಜನ ತಲೆತಲಾಂತರದಿಂದ ಇಳಿದಿದ್ದಾರೆ. ಹೀಗೆ ತನಗೆ ತಾನೇ ಹೇಳಿಕೊಂಡು ನೀಲಪ್ಪ ಹಗ್ಗ ಎತ್ತಿಕೊಟ್ಟ. ಸುತ್ತಿ, ಚೆಂದ ಕಟ್ಟಿ ಕೊಟ್ಟ.

ಶನಿವಾರ ಬೆಳಿಗ್ಗೆ ಬೈಲಹೊಂಗಲ ಸಾಲೆಯ ಬಸಯ್ಯ ಮಾಸ್ತರರು ಮರುದಿನದ ವ್ಯವಸ್ಥೆ ಕೇಳಲು ಪಕ್ಕದ ಮುನವಳ್ಳಿಗೆ ಬಂದರು. ನೀಲಪ್ಪ ಬಸ್ ನಿಲ್ದಾಣದಲ್ಲೇ ಅವರಿಗೆ ಇದ್ದ ವಿಷಯ ಹೇಳಿದ: ಹಗ್ಗ ಕೆಡಿಸಿದ್ದೇನೆ, ತಪ್ಪು ನನ್ನದು, ಹೊಸದು ಬರುವವರೆಗೆ ಹತ್ತಿಸುವುದಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದ. ಮಾಸ್ತರರು ಅವನ ಎರಡೂ ಕೈ ಹಿಡಿದುಕೊಂಡರು.

"ಭಾಳ ದೊಡ್ಡ ಕೆಲಸ ಮಾಡಿದ್ರಿ. ಯಾರದರ ಮಕ್ಕಳ ಜೀವಾ ಅದು. ಅಂಥಾ ಹಗ್ಗಕ್ಕ ಕಟ್ಟಿ ಇಳಿಬಿಡಾಕ ಯಾರಿಗೆ ಮನಸ್ಸು ಬರತೈತಿ ಹೇಳ್ರಿ?"

ಹೊಗಳಿಕೆ ಕೇಳಿ ಮನುಷ್ಯ ಬೆವರುವುದನ್ನು ಮಾಸ್ತರರು ಅಂದೇ ನೋಡಿರಬೇಕು. ಬೆಳಿಗ್ಗೆ ಬರುವಾಗ ಕಾಕಾನ ಹೊಲದ ಕಡೆ ಆಳುಗಳು ಬುಟ್ಟಿ, ಸಲಿಕೆ ಹಿಡಿದು ಹೋಗುತ್ತಿದ್ದುದನ್ನು ನೀಲಪ್ಪ ಕಂಡಿದ್ದ. ಬಾವಿ ಇವತ್ತೇ. ಇಳಿಯುವವನು ಕೂಲಿ ಆಳು ಪರಸಪ್ಪ, ಕಾಕಾನ ಬಾಯಲ್ಲಿ ಪರಸ್ಯಾ. ಅವನಿಗೂ ಮಕ್ಕಳಿದ್ದಾರೆ. ಅವನ ಕಿರಿಯ ಮಗಳು ಊರ ಸಾಲೆಯಲ್ಲಿ ಓದುತ್ತಾಳೆ. ಪೇಟೆಯ ಮಕ್ಕಳಿಗೆ ಬೇಡವೆಂದು ಕಡಿಯಬೇಕಾಗಿದ್ದ ಹಗ್ಗವನ್ನು ಅವನ ಸೊಂಟಕ್ಕೆಂದು ಸುತ್ತಿ ಕೊಟ್ಟವನು ತಾನು. ಕಾಕಾನಿಗೆ ಇಲ್ಲ ಎನ್ನಲು ಹೆದರಿ, ಪರಸಪ್ಪನ ಜೀವವನ್ನು ದಾನ ಮಾಡಿ ಬಂದಿದ್ದ.

ಮಾಸ್ತರರಿಗೆ ಕೈ ಮುಗಿದವನೇ, ಎದುರಿನ ಚಹಾ ಅಂಗಡಿಯವನ ಸೈಕಲ್ ಕೇಳಿದನೋ ಇಲ್ಲವೋ, ಹತ್ತಿ ತುಳಿದ.

ಬಾವಿಯ ಕಟ್ಟೆಯ ಮೇಲೆ ಪರಸಪ್ಪ ಕಾಲು ಒಳಗೆ ಇಳಿಬಿಟ್ಟು ಕುಳಿತಿದ್ದ. ಸೊಂಟಕ್ಕೆ ಹಗ್ಗ. ಅದರ ಇನ್ನೊಂದು ತುದಿಯನ್ನು ಆಳುಗಳು ಕೈಗೆ ಸುತ್ತಿಕೊಂಡು ನಿಂತಿದ್ದರು. ರಾಮಲಿಂಗಪ್ಪ ಇಳಿ ಎನ್ನಲು ಕೈ ಎತ್ತಿದ್ದ.

"ನಿಲ್ಲಸ್ರಿ! ಪರಸಪ್ಪ, ಹಿಂದಕ್ಕ ಸರಿ!" ನೀಲಪ್ಪ ಸೈಕಲ್ ಒಗೆದು ಓಡಿ ಬಂದು ಪರಸಪ್ಪನ ತೋಳು ಹಿಡಿದು ಕಟ್ಟೆಯಿಂದ ಈಚೆಗೆಳೆದ.

"ಏನಾತೋ ನಿನಗ?" ಎಂದ ಕಾಕಾ.

ನೀಲಪ್ಪ ಮಾತಾಡದೆ ಪರಸಪ್ಪನ ಸೊಂಟದ ಗಂಟು ಹಿಡಿದು ಒಮ್ಮೆ ಜೋರಾಗಿ ಜಗ್ಗಿದ. ಒರಟು ನಾರಿನ ಹಗ್ಗದಲ್ಲಿ ಕಚ್ಚಿ ಕೂರುವ ಆ ಗಂಟು, ಎಣ್ಣೆ ಹತ್ತಿದ ನೈಲಾನಿನಲ್ಲಿ ಸರಿಯಿತು. ಇನ್ನೊಮ್ಮೆ ಜಗ್ಗಿದ. ತುದಿ ಹೊರಬಂದು ಗಂಟು ಬಿಚ್ಚಿಯೇ ಹೋಯಿತು. ಆಳುಗಳು ಬಾಯಿ ಬಿಟ್ಟರು.

"ಕಟ್ಟಾಕ ಬಂದಿಲ್ಲ ಅವಕ್ಕ. ಬಿಗದ ಕಟ್ಟಸತೇನಿ," ಎಂದ ರಾಮಲಿಂಗಪ್ಪ.

"ಬ್ಯಾಡ್ರಿ ಕಾಕಾ. ಹಗ್ಗನ ಕೆಟ್ಟೈತಿ. ಕೆಟ್ಟದ್ದು ಗೊತ್ತಿದ್ದೂ ನಾ ನಿಮಗ ಕೊಟ್ಟೆ. ತಪ್ಪು ನಂದು."

"ಕೊಟ್ಟದ್ದು ಕೊಟ್ಟಿ. ಈಗದು ನಂದು."

ನೀಲಪ್ಪ ಆಳೊಬ್ಬನ ಕುಡುಗೋಲು ಕಸಿದುಕೊಂಡು, ಕಾಕಾನ ಬಾವಿಯ ಕಟ್ಟೆಯ ಮೇಲೇ, ಆಳುಗಳ ಎದುರಿಗೇ, ಆ ಹಗ್ಗವನ್ನು ತುಂಡು ತುಂಡು ಮಾಡಿದ. ಎಲ್ಲ ಮುಗಿದ ಮೇಲೆ ರಾಮಲಿಂಗಪ್ಪ ಒಂದೇ ಮಾತು ಹೇಳಿದ.

"ಇನ್ನ ನೀ ಈ ಬಾವಿ ಕಡೆ ಬರಬ್ಯಾಡ. ನನ್ನ ಮನಿ ಕಡೆನೂ."

ತುಂಡುಗಳನ್ನು ಆರಿಸಿಕೊಂಡು ಸೈಕಲ್ ತಳ್ಳುತ್ತ ಹೊರಟ ನೀಲಪ್ಪನನ್ನು ಬದುವಿನ ತನಕ ಕಳಿಸಲು ಬಂದವನು ಪರಸಪ್ಪ. "ಎಷ್ಟ ಬಾವಿ ಇಳದೇನೋ ಲೆಕ್ಕಿಲ್ಲರಿ," ಎಂದ. "ಹಗ್ಗ ಚಲೋ ಇಲ್ಲಂತ ಇಲ್ಲಿತನಕ ನನಗ ಯಾರೂ ಹೇಳಿದ್ದಿಲ್ಲ."

ಮಳೆಗಾಲ ಕಳೆಯಿತು. ವಿರೂಪಾಕ್ಷ ಗೊಣಗುತ್ತಲೇ ಪುಣೆಯಿಂದ ಹೊಸ ಹಗ್ಗ ತರಿಸಿದ. ಬೈದ, ಆದರೆ ಕೈಬಿಡಲಿಲ್ಲ, ಅದು ಅವನ ದೊಡ್ಡತನ. ನೀಲಪ್ಪ ಈ ಸಲ ಹಗ್ಗಗಳನ್ನು ಬಿಸಿಲು ಬೀಳದ ಕೋಣೆಯಲ್ಲಿ ಚೀಲದೊಳಗಿಟ್ಟ. ಎಣ್ಣೆಯ ಡಬ್ಬಿ ಹಿಡಿದು ಯಾರೂ ಆ ಬಾಗಿಲು ದಾಟಕೂಡದೆಂದು ಅಪ್ಪಣೆ ಮಾಡಿದ. "ನೀವೊಬ್ರ ದಾಟದಿದ್ರ ಸಾಕು," ಎಂದಳು ಸತ್ಯವ್ವ.

ರಾಜೇಶ್ವರಿ ಹೇಳಿದಂತೆ ಬಂದಳು. ಹೊಸ ಹಗ್ಗ ನೋಡಿದಳು. ಹಳೆಯ ತುಂಡುಗಳ ಗುಂಪನ್ನೂ ಕೆದಕಿದಳು. ಅದರಲ್ಲಿ ಒಂದಿಷ್ಟು ತುಂಡುಗಳಿಗೆ ಬಾವಿಕಟ್ಟೆಯ ಮಣ್ಣು ಹತ್ತಿತ್ತು, ಕೊಯ್ದದ್ದೂ ಅಡ್ಡಾದಿಡ್ಡಿ.

"ಇವು ಯಾಕ ಬ್ಯಾರೆ ಅದಾವು?"

ಹಿಂದೆ ನಿಂತ ವಿರೂಪಾಕ್ಷ ಕಣ್ಸನ್ನೆ ಮಾಡಿದ. ನೀಲಪ್ಪ ನೋಡದವನಂತೆ ಎಲ್ಲವನ್ನೂ ಹೇಳಿದ, ಕಾಕಾನಿಗೆ ಕೊಟ್ಟದ್ದರಿಂದ ಹಿಡಿದು ಕುಡುಗೋಲಿನ ತನಕ. ರಾಜೇಶ್ವರಿಯ ಹುಬ್ಬು ಗಂಟಿಕ್ಕಿತು.

"ತುಂಡು ಮಾಡ್ರಿ ಅಂತ ನಾ ಹೇಳಿ ಹೋದಮ್ಯಾಲ ಕೊಟ್ರಿ?"

"ಹೌದ್ರಿ. ಪರವಾನಗಿ ಕೊಡೂದು ಬಿಡೂದು ನಿಮಗ ಬಿಟ್ಟಿದ್ದು. ಸುಳ್ಳು ಹೇಳಿ ತಗೊಂಡ್ರ ಹಗ್ಗ ಹಿಡಿಯಾಕ ನನಗ ಧೈರ್ಯ ಬರೂದಿಲ್ಲ."

ಅವಳು ಒಂದು ತುಂಡನ್ನು ಎತ್ತಿ ಅದರ ಕೊಯ್ದ ತುದಿ ನೋಡಿದಳು. "ನಮ್ಮ ನಿಯಮದಾಗ ಪ್ರವಾಸಿಗರ ಸುರಕ್ಷತೆ ಅಂತ ಬರದೈತಿ," ಎಂದಳು. "ಬಾವಿ ಇಳಿಯಾವ್ರ ಬಗ್ಗೆ ಏನೂ ಇಲ್ಲ."

"ಇಳದಾಂವ ಪ್ರವಾಸಿಗನೋ ಪರಸಪ್ಪನೋ, ಹಗ್ಗಕ್ಕ ಏನ ಗೊತ್ತರಿ."

ರಾಜೇಶ್ವರಿ ಆ ತುಂಡನ್ನು ಮತ್ತೆ ಗುಂಪಿಗೆ ಹಾಕಿ, ಚಹಾ ಕುಡಿದು ಹೋದಳು. ದೀಪಾವಳಿಯ ಹೊತ್ತಿಗೆ ಪರವಾನಗಿ ಬಂತು. ವಿರೂಪಾಕ್ಷ ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ, ಊರಿಗೆಲ್ಲ ಪೇಢೆ ಹಂಚಿದ. ಬೈಲಹೊಂಗಲದ ಮಕ್ಕಳು ಬಂದು ಹತ್ತಿ ಇಳಿದು, "ಸರ್, ಸರ್" ಎಂದು ಗುಡ್ಡವನ್ನೇ ತಲೆಯ ಮೇಲೆ ಹೊತ್ತರು. ನೀಲಪ್ಪ ಕಬ್ಬಿನ ಗ್ಯಾಂಗು ನಡೆಸುವ ಮುಕಾದಮನಿಗೆ ಈ ವರ್ಷ ಬರುವುದಿಲ್ಲ ಎಂದು ಹೇಳಿ ಕಳಿಸಿದ. ಎಲ್ಲ ಸರಿಯಾಗಿತ್ತು, ಕಾಕಾನ ಮನೆಯ ಬಾಗಿಲೊಂದನ್ನು ಬಿಟ್ಟು. ಪೇಢೆ ಕೊಡಲು ಹೋದ ಸತ್ಯವ್ವ ಅದನ್ನು ಕಟ್ಟೆಯ ಮೇಲಿಟ್ಟು ಬಂದಿದ್ದಳು.

ಬೇಸಿಗೆ ಬಂತು. ಹೂಳು ತುಂಬಿದ ಬಾವಿಯಲ್ಲಿ ನೀರು ತಳ ಕಂಡಿತು. ಪರಸಪ್ಪ ಕೂಲಿ ಎಷ್ಟು ಕೊಟ್ಟರೂ ಹಳೆಯ ಹಗ್ಗಕ್ಕೆ ಇಳಿಯಲು ಒಪ್ಪಲಿಲ್ಲ. ಅವನು ಒಪ್ಪದಿದ್ದ ಮೇಲೆ ಬೇರೆಯವರೂ ಒಪ್ಪಲಿಲ್ಲ. ಒಂದು ಬೆಳಿಗ್ಗೆ ರಾಮಲಿಂಗಪ್ಪ ನೀಲಪ್ಪನ ಅಂಗಳಕ್ಕೆ ಬಂದು ನಿಂತ. ಎದುರಿಗೇ ಕುಳಿತಿದ್ದ ನೀಲಪ್ಪನನ್ನು ನೋಡದೆ, ಒಳಗಿದ್ದ ಸತ್ಯವ್ವಳಿಗೆ ಕೇಳುವಂತೆ ಹೇಳಿದ. "ಬಾವಿಗೆ ಬರತಾನೇನ ಕೇಳ ನಿನ್ನ ಗಂಡನ್ನ."

ನೀಲಪ್ಪ ಚಪ್ಪಲಿ ಮೆಟ್ಟಿ ಆಗಲೇ ಎದ್ದಿದ್ದ.

ಮೂರು ಕಾಲಿನ ಕಬ್ಬಿಣದ ಕಮಾನು ನಿಲ್ಲಿಸಿ, ಗಾಲಿ ಕಟ್ಟಿ, ಒಂದಕ್ಕೆ ಎರಡು ಹಗ್ಗ ಬಿಗಿದ. ಕೆಳಗೆ ಗಾಳಿ ಕೆಟ್ಟಿದೆಯೋ ಹೇಗೆಂದು ಮೊದಲು ಉರಿಯುವ ಕಂದೀಲು ಇಳಿಬಿಟ್ಟು ನೋಡಿದ. ದೀಪ ಆರಲಿಲ್ಲ. ಪರಸಪ್ಪ ಮುಂದೆ ಬಂದ. ರಾಮಲಿಂಗಪ್ಪ ಅವನನ್ನು ತಡೆದ.

"ಮೊದಲ ನಾ ಇಳೀತೇನಿ. ನಮ್ಮಪ್ಪ ತೋಡಿದ ಬಾವಿ. ನೀರಿನ ಸೆಲಿ ಎಲ್ಲೈತಿ ಅಂತ ನನಗಷ್ಟ ಗೊತ್ತು. ನಾ ತೋರಿಸಿದಲ್ಲಿ ಪರಸ್ಯಾ ಅಗೀಲಿ."

ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ನೀಲಪ್ಪ ಅವನ ಸೊಂಟಕ್ಕೆ, ತೊಡೆಗಳಿಗೆ ಪಟ್ಟಿ ಬಿಗಿದ. ಗಟ್ಟಿ ಟೊಪ್ಪಿಗೆ ಎತ್ತಿಕೊಂಡ. ರಾಮಲಿಂಗಪ್ಪನ ತಲೆಯ ಮೇಲೆ ರುಮಾಲು ಇತ್ತು. ಕಿರಿಯರ ಮುಂದೆ, ಆಳುಗಳ ಮುಂದೆ ಅವನು ಬರಿದಲೆಯಲ್ಲಿ ನಿಂತದ್ದನ್ನು ಕಂಡವರಿಲ್ಲ.

"ಇದರ ಮ್ಯಾಲ ಹಾಕು," ಎಂದ ಕಾಕಾ.

"ಬರೂದಿಲ್ರಿ ಕಾಕಾ. ರುಮಾಲ ತಗೀಬೇಕು."

"ತಗೀದಿದ್ರ?"

ನೀಲಪ್ಪ ಟೊಪ್ಪಿಗೆ ಹಿಡಿದ ಕೈ ಹಿಂದೆಗೆಯಲಿಲ್ಲ. "ತಗೀದಿದ್ರ ನಾ ಇಳಸೂದಿಲ್ರಿ."

ಆಳುಗಳು ನೆಲ ನೋಡಿದರು. ರಾಮಲಿಂಗಪ್ಪ ಅಣ್ಣನ ಮಗನ ಮುಖವನ್ನೇ ದಿಟ್ಟಿಸಿದ, ಸಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದಾಗ ನೋಡುತ್ತಿದ್ದ ಹಾಗೆ. ಆಮೇಲೆ ಎರಡೂ ಕೈಯಿಂದ ರುಮಾಲು ತೆಗೆದ. ಇಡಲು ಜಾಗ ಹುಡುಕಿ, ಪಕ್ಕದಲ್ಲಿ ನಿಂತ ಪರಸಪ್ಪನ ಕೈಗೆ ಕೊಟ್ಟ. ನೀಲಪ್ಪ ಅವನ ನರೆತಲೆಗೆ ಟೊಪ್ಪಿಗೆ ಹಾಕಿ ಗದ್ದದ ಕೆಳಗೆ ಪಟ್ಟಿ ಬಿಗಿದ. ಹಾಗೆ ಬಿಗಿಯುವಾಗ ಅವನಿಗೆ ಅಳು ಬಂತು, ತಡೆದುಕೊಂಡ.

ರಾಮಲಿಂಗಪ್ಪ ಇಳಿದ. ಹಗ್ಗ ಹಿಡಿದ ನೀಲಪ್ಪನ ಕೈ ಎಲ್ಲಿಯೂ ಜಾರಲಿಲ್ಲ. ಕೆಳಗಿನಿಂದ ದನಿ ಬಂತು: "ಸೆಲಿ ಸಿಕ್ಕೈತಿ! ತಂಪೈತಿ!" ಮೇಲೆ ಎಲ್ಲರೂ ನಕ್ಕರು. ಎಳೆದುಕೊಂಡರು.

ಮೇಲೆ ಬಂದವನು ಕೆಸರುಗಾಲಲ್ಲೇ ಪರಸಪ್ಪನ ಹತ್ತಿರ ಹೋದ. ಪರಸಪ್ಪ ರುಮಾಲು ಮುಂದೆ ಚಾಚಿದ. ರಾಮಲಿಂಗಪ್ಪ ಅದನ್ನು ತಲೆಗೆ ಸುತ್ತದೆ ಕಟ್ಟೆಯ ಮೇಲಿಟ್ಟ. ತನ್ನ ತಲೆಯ ಟೊಪ್ಪಿಗೆ ಬಿಚ್ಚಿ, ತನ್ನ ಕೈಯಿಂದಲೇ ಪರಸಪ್ಪನ ತಲೆಗೆ ಹಾಕಿ, ಗದ್ದದ ಕೆಳಗಿನ ಪಟ್ಟಿ ಎಳೆದು ಬಿಗಿದ. ಪಟ್ಟಿ, ಹಗ್ಗಗಳನ್ನು ನೀಲಪ್ಪ ಪರಸಪ್ಪನ ಸೊಂಟಕ್ಕೆ ಬಿಗಿದ ಮೇಲೆ ರಾಮಲಿಂಗಪ್ಪ ಆ ಗಂಟನ್ನು ಹಿಡಿದು, ನೀಲಪ್ಪ ಅಂದು ಜಗ್ಗಿದ ಹಾಗೆಯೇ ಜೋರಾಗಿ ಜಗ್ಗಿ ನೋಡಿದ. ಗಂಟು ಅಲುಗಲಿಲ್ಲ.

"ಬಿಗಿ ಆತೇನಪಾ ಪರಸಪ್ಪ?" ಎಂದು ಕೇಳಿದ.

"ಆತ್ರಿ ಗೌಡ್ರ."

"ಹಂಗಾದ್ರ ಇಳಿ," ಎಂದು ರಾಮಲಿಂಗಪ್ಪ ಬರಿದಲೆಯಲ್ಲೇ ಹೋಗಿ ನೀಲಪ್ಪನ ಬೆನ್ನ ಹಿಂದೆ ನಿಂತು, ಅವನ ಜೊತೆ ಹಗ್ಗ ಹಿಡಿದ.